ಭಾನುವಾರದ ಆಲ್ಬಂ ಆಲಿಕೆ: ಸದಸ್ಯರ ಗಮನಕ್ಕೆ

ಗುಂಪಿನ ಎಲ್ಲ ಸದಸ್ಯರಿಗೆ ನಮಸ್ಕಾರ.

ಬರುವ ಭಾನುವಾರ ಸಂಜೆ 6 ಗಂಟೆಗೆ ನಾವೆಲ್ಲರೂ ಅವರವರ ಮನೆಯಲ್ಲಿಯೇ, ಏಕಕಾಲಕ್ಕೆ, ಬ್ರಿಟನ್ನಿನ ಹೆವಿ ಮೆಟಲ್ ಸಂಗೀತ ತಂಡ ಐರನ್ ಮೇಡನ್‌ನ 1988ರ ‘ಸೆವೆಂತ್ ಸನ್ ಆಫ್ ಎ ಸೆವೆಂತ್ ಸನ್’ ಆಲ್ಬಮನ್ನು ಕೇಳಲಿದ್ದೇವೆ. ಒಟ್ಟು 8 ಹಾಡುಗಳು, ಸುಮಾರು 44 ನಿಮಿಷ. ಹಾಡುಗಳ ಕ್ರಮವನ್ನು ಕಲಸುವ ಷಫಲ್ ಆಯ್ಕೆಯನ್ನು ದಯವಿಟ್ಟು ಮೊದಲೇ ಆಫ್ ಮಾಡಿಡಿ. ಆರಂಭದಲ್ಲಿ ಅಕೂಸ್ಟಿಕ್ ಗಿಟಾರ್‌ನೊಂದಿಗೆ ಬರುವ ಸಾಲುಗಳೇ ಕೊನೆಯ ಹಾಡಿನ ಅಂತ್ಯದಲ್ಲಿ ಮರಳಿ ಬರುವುದರಿಂದ, ಕ್ರಮ ತಪ್ಪಿದರೆ ಆ ಆವರ್ತನದ ಸೊಗಸು ಕೈತಪ್ಪುತ್ತದೆ.

ಏಳನೆಯ ಮಗನ ಏಳನೆಯ ಮಗನಿಗೆ ಭವಿಷ್ಯ ಕಾಣುವ ಶಕ್ತಿ ಇರುತ್ತದೆಂಬ ಜನಪದ ನಂಬಿಕೆಯೇ ಇದರ ಎಳೆ. ಕಥೆ ಬಿಗಿಯಾಗಿಲ್ಲವೆಂಬ ಆಕ್ಷೇಪವನ್ನು ನಾನು ಒಪ್ಪುತ್ತೇನೆ, ಆದರೆ ಸುಮಾರು 10 ನಿಮಿಷಗಳ ಶೀರ್ಷಿಕೆಗೀತೆಯ ನಡುವೆ ಎಲ್ಲವೂ ತಗ್ಗಿ, ಮಾತಿನ ಧಾಟಿಯ ದನಿಯೊಂದು ಕೇಳಿ, ಬಳಿಕ ಗಿಟಾರ್‌ಗಳು ಭೋರ್ಗರೆಯುವಾಗ ಆ ಆಕ್ಷೇಪ ನನಗೆ ನೆನಪಾಗುವುದೇ ಇಲ್ಲ. ತಂಡವು ಸಿಂಥಸೈಜರ್‌ಗಳನ್ನು (ಎಲೆಕ್ಟ್ರಾನಿಕ್ ಧ್ವನಿಯ ವಾದ್ಯಗಳನ್ನು) ಇಲ್ಲಿ ಧಾರಾಳವಾಗಿ ಬಳಸಿರುವುದು ಹಲವರಿಗೆ ರುಚಿಸದು. ನನಗಂತೂ ಆ ಮಂಜು ಕವಿದ ವಾತಾವರಣ ಅದರಿಂದಲೇ ಬಂದಂತೆ ತೋರುತ್ತದೆ. ‘ದ ಕ್ಲೇರ್‌ವಾಯಂಟ್’ ಹಾಡಿನ ಆರಂಭದ ಬಾಸ್ ಗಿಟಾರ್ ನುಡಿಸಾಣಿಕೆಯನ್ನು ಸಾಧ್ಯವಾದರೆ ಹೆಡ್‌ಫೋನ್‌ನಲ್ಲಿಯೇ ಕೇಳಿರಿ.

ಆಲಿಸುವಾಗ ಗುಂಪಿನಲ್ಲಿ ಸಂದೇಶ ಬೇಡ. 7 ಗಂಟೆಯ ನಂತರ ನಿಮ್ಮ ಅನಿಸಿಕೆಗಳನ್ನು ನಾಲ್ಕು ಸಾಲುಗಳಲ್ಲಿ ಬರೆಯಿರಿ. 2007ರ ಮಾರ್ಚ್‌ನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಈ ತಂಡವನ್ನು ಕಂಡವರಿದ್ದರೆ ಆ ನೆನಪನ್ನೂ ಹಂಚಿಕೊಳ್ಳಬೇಕೆಂದು ಕೋರಿಕೆ. ಭಾಗವಹಿಸುವವರು ಶುಕ್ರವಾರ ರಾತ್ರಿಯೊಳಗೆ ‘ಬರುವೆ’ ಎಂದು ಉತ್ತರಿಸಿರಿ.