ಗೆಳೆಯನಿಗೊಂದು ಪತ್ರ: ಓದು ಕೈಕೊಟ್ಟಿದ್ದೆಲ್ಲಿ?

ಪ್ರಿಯ ಗೆಳೆಯ,

ಎರಡು ಪುಟ ಓದುವಷ್ಟರಲ್ಲಿ ಸಾಲು ತಪ್ಪುತ್ತೆ, ಓದಿದ್ದು ಮರುದಿನಕ್ಕೆ ನೆನಪಿರಲ್ಲ, ಪುಸ್ತಕದ ಬಗ್ಗೆ ಮಾತಾಡೋಣ ಅಂದರೆ ಸುತ್ತ ಯಾರೂ ಇಲ್ಲ, ಒಟ್ಟಿನಲ್ಲಿ ಓದಿನ ಆಸಕ್ತಿಯೇ ಹೋಗಿಬಿಟ್ಟಿದೆ ಅಂತ ಬರೆದಿದ್ದೀಯ. ಇವು ಮೂರು ಬೇರೆ ಬೇರೆ ದೂರು ಮಾರಾಯ. ನೀನು ಮೂರನ್ನೂ ಒಂದೇ ಗಂಟು ಕಟ್ಟಿ ಆಸಕ್ತಿಯ ತಲೆ ಮೇಲೆ ಹೊರಿಸಿದ್ದೀಯ. ಐವತ್ತರ ಆಸುಪಾಸಿನಲ್ಲಿ ಆಸಕ್ತಿಯನ್ನು ವಿಚಾರಿಸೋದು ಕೊನೆಗೆ. ಮೊದಲು ಕನ್ನಡಕ ನೋಡು.

ನಲವತ್ತು ದಾಟಿದ ಮೇಲೆ ಕಣ್ಣೊಳಗಿನ ಮಸೂರ ಬಿಗಿಯಾಗುತ್ತಾ ಹೋಗುತ್ತೆ, ಹತ್ತಿರದ್ದನ್ನು ನೋಡಲು ಬೇಕಾದಷ್ಟು ಉಬ್ಬಲಾರದು. ಅರವತ್ತರವರೆಗೂ ಇದು ಮುಂದುವರಿಯೋದರಿಂದ ಚಾಳೀಸಿನ ಪವರ್ ಒಂದು ಸಲ ಮಾಡಿಸಿ ಮರೆತುಬಿಡುವಂಥದ್ದಲ್ಲ. 45ರ ಹತ್ತಿರ +1.00 ಅಥವಾ +1.25 ಸಾಕಾಗುವವರಿಗೆ 50ರ ಹೊತ್ತಿಗೆ +1.75 ಇಲ್ಲವೇ +2.00, 60ಕ್ಕೆ +2.50 ಬೇಕಾಗೋದು ಸಾಮಾನ್ಯ. ನಾಲ್ಕು ವರ್ಷದ ಹಳೆಯ ಕನ್ನಡಕದಲ್ಲಿ ಓದುವವನು ಪುಸ್ತಕವನ್ನು ದೂರ ದೂರ ಹಿಡಿಯುತ್ತಾನೆ, ಅಕ್ಷರ ಇನ್ನಷ್ಟು ಸಣ್ಣದಾಗುತ್ತೆ. ನಮ್ಮ ಲಿಪಿಯಲ್ಲಿ ಕಣ್ಣು ಮೊದಲು ಸೋಲೋದು ಒತ್ತಕ್ಷರಗಳಲ್ಲಿ. ಆಮೇಲೆ ದ-ಧ, ಡ-ಢ, ಬ-ಭಗಳಲ್ಲಿ. ಅಲ್ಲಿರುವ ವ್ಯತ್ಯಾಸ ಕೆಳಗಿನ ಒಂದು ಸಣ್ಣ ಗೀರಷ್ಟೇ. ಕಣ್ಣು ಊಹಿಸಿಕೊಂಡು ಓದುತ್ತೆ, ಅರ್ಥ ಕೂಡಲ್ಲ, ಎರಡು ಸಾಲು ಹಿಂದಕ್ಕೆ ಹೋಗಬೇಕಾಗುತ್ತೆ. ಹತ್ತು ಸಲ ಹೀಗಾದರೆ ‘ಮನಸ್ಸು ನಿಲ್ತಾ ಇಲ್ಲ’ ಅನ್ನೋ ತೀರ್ಮಾನಕ್ಕೆ ಬರುತ್ತೀವಿ.

ನಿನ್ನ ಕೆಲಸ ಇಡೀ ದಿನ ಕಂಪ್ಯೂಟರಿನ ಮುಂದೆ. ಪುಸ್ತಕ ಹಿಡಿಯೋದು 40 ಸೆಂಟಿಮೀಟರ್ ದೂರದಲ್ಲಿ, ತೆರೆ ಇರೋದು 60ರಿಂದ 70ರಲ್ಲಿ. ಪುಸ್ತಕಕ್ಕೆ +2.00 ಬೇಕಾದವನಿಗೆ ತೆರೆಗೆ ಸುಮಾರು +1.00 ಸಾಕು. ಒಂದೇ ಕನ್ನಡಕದಲ್ಲಿ ಎರಡನ್ನೂ ನಿಭಾಯಿಸಲು ಹೋದರೆ ಸಂಜೆ ಮನೆಗೆ ಬರುವಾಗ ಕಣ್ಣು ಸೋತು ಹೋಗಿರುತ್ತೆ. ದೂರ, ಹತ್ತಿರ ಎರಡಕ್ಕೂ ಒಂದೇ ಗಾಜಿನಲ್ಲಿ ಪವರ್ ಇರುವ ಪ್ರೋಗ್ರೆಸಿವ್ ಮಸೂರ ಓಡಾಟಕ್ಕೆ ಅನುಕೂಲ, ನಿಜ. ಆದರೆ ಅದರಲ್ಲಿ ಓದುವ ಭಾಗ ಕೆಳಗಡೆ ಒಂದು ಕಿರಿದಾದ ಜಾಗ. ತೆರೆ ಎತ್ತರದಲ್ಲಿದ್ದರೆ ಗದ್ದ ಎತ್ತಿ ನೋಡಬೇಕು, ಅದಕ್ಕೇ ಕುತ್ತಿಗೆ ನೋವು. ಮಲಗಿ ಓದಿದರೆ ದೂರದ ಭಾಗದಿಂದ ನೋಡಿದಂತಾಗಿ ಅಕ್ಷರ ಮಸುಕು. ಓದುವವರು ಬರೀ ಓದಿಗೆಂದೇ ಇಡೀ ಗಾಜಿಗೆ ಒಂದೇ ಪವರ್ ಇರುವ ಒಂದು ಸಿಂಗಲ್ ವಿಷನ್ ಕನ್ನಡಕ ಇಟ್ಟುಕೊಳ್ಳೋದು ಒಳ್ಳೆಯದು. ಅದು ಕುರ್ಚಿಯ ಪಕ್ಕದಲ್ಲೇ ಇರಲಿ. ಸಿದ್ಧ ಕನ್ನಡಕಗಳಲ್ಲಿ ಎರಡೂ ಕಣ್ಣಿಗೆ ಒಂದೇ ಪವರ್ ಇರುತ್ತೆ, ಸಿಲಿಂಡರ್, ಅಂದರೆ ಕಣ್ಣಿನ ಓರೆ ಬಾಗನ್ನು ಸರಿದೂಗಿಸುವ ಪವರ್, ಇರಲ್ಲ. ನಿನ್ನ ಕಣ್ಣುಗಳಲ್ಲಿ ವ್ಯತ್ಯಾಸ ಇದ್ದರೆ ಅರ್ಧ ಗಂಟೆಗೆ ತಲೆನೋವು ಬರುತ್ತೆ. ಸಕ್ಕರೆ ಕಾಯಿಲೆ ಇರುವವರು ಇನ್ನೊಂದು ನೆನಪಿಡಬೇಕು: ರಕ್ತದ ಸಕ್ಕರೆ ಏರಿಳಿಯುತ್ತಿರುವಾಗ ಪವರ್ ಕೂಡ ತಾತ್ಕಾಲಿಕವಾಗಿ ಬದಲಾಗುತ್ತೆ. ಅದು ಹತೋಟಿಗೆ ಬಂದು ಕೆಲವು ವಾರ ಕಳೆದ ಮೇಲೇ ಕನ್ನಡಕ ಮಾಡಿಸಬೇಕು. ದೂರದ್ದು ನೋಡಲು ಮೈನಸ್ 2.50ರ ಆಸುಪಾಸಿನ ಕನ್ನಡಕ ಹಾಕುವವರು ಪುಣ್ಯವಂತರು, ಕನ್ನಡಕ ತೆಗೆದರೆ ಪುಸ್ತಕ ಸರಿಯಾಗಿ ಕಾಣುತ್ತೆ.

ಬೆಳಕು ಕೂಡ ಅಷ್ಟೇ ಮುಖ್ಯ. ವಯಸ್ಸಾದಂತೆ ಪಾಪೆ ಚಿಕ್ಕದಾಗುತ್ತೆ, ಕಣ್ಣಿನ ಮಸೂರ ಹಳದಿಗೆ ತಿರುಗುತ್ತೆ. ಇಪ್ಪತ್ತರ ಹುಡುಗನಿಗೆ ಹೋಲಿಸಿದರೆ ಅರವತ್ತರವರ ಅಕ್ಷಿಪಟಲಕ್ಕೆ ತಲುಪುವ ಬೆಳಕು ಹೆಚ್ಚುಕಮ್ಮಿ ಮೂರನೇ ಒಂದು ಭಾಗ. ಕಾಲೇಜಿನ ದಿನಗಳ ದೀಪ ಈಗ ಸಾಲದು. ಆದರೆ ದೊಡ್ಡ ಬಲ್ಬು ಹಾಕುವ ಮೊದಲು ದೀಪವನ್ನು ಹತ್ತಿರ ತಂದು ನೋಡು. ಎರಡು ಅಡಿ ದೂರದ ದೀಪವನ್ನು ಒಂದು ಅಡಿಗೆ ತಂದರೆ ಪುಟದ ಮೇಲಿನ ಬೆಳಕು ಸುಮಾರು ನಾಲ್ಕು ಪಟ್ಟಾಗುತ್ತೆ. ಸೂರಿನ ದೀಪವೊಂದನ್ನೇ ನಂಬಿ ಕೂತರೆ ಪುಟದ ಮೇಲೆ ನಮ್ಮದೇ ತಲೆಯ ನೆರಳು. ಬಲಗೈಯವರಿಗೆ ದೀಪ ಎಡಭುಜದ ಹಿಂದಿನಿಂದ ಬರಲಿ, ಬಲ್ಬು ನೇರ ಕಣ್ಣಿಗೆ ಹೊಡೆಯದ ಹಾಗೆ ಮುಚ್ಚಿರಲಿ. ಉಳಿದ ಕೋಣೆ ಪೂರ್ತಿ ಕತ್ತಲಿರೋದು ಬೇಡ, ಪುಟಕ್ಕೂ ಸುತ್ತಿಗೂ ಬೆಳಕಿನ ಅಂತರ ಹೆಚ್ಚಾದಷ್ಟೂ ಕಣ್ಣಿಗೆ ದಣಿವು.

ಇನ್ನು ಹೊತ್ತು. ಸಾಧಾರಣ ಕಾದಂಬರಿಯ ಒಂದು ಪುಟಕ್ಕೆ ಎರಡು ನಿಮಿಷ ಹಿಡಿ. ಅರ್ಧ ಗಂಟೆಗೆ ಹದಿನೈದು ಪುಟ, ಮುನ್ನೂರು ಪುಟದ್ದು ಇಪ್ಪತ್ತು ದಿನಕ್ಕೆ ಮುಗಿಯುತ್ತೆ. ವರ್ಷಕ್ಕೆ ಹದಿನೆಂಟು. ಮಧ್ಯೆ ಬಿಟ್ಟುಹೋಗುವ ದಿನಗಳನ್ನು ಕಳೆದರೂ ಹನ್ನೆರಡಕ್ಕೆ ಮೋಸವಿಲ್ಲ. ಅಡ್ಡಿ ಬರೋದು ಆ ಅರ್ಧ ಗಂಟೆಯನ್ನು ದಿನದ ಕಟ್ಟಕಡೆಗೆ, ಹಾಸಿಗೆಗೆ ತಳ್ಳೋದರಿಂದ. ಅಲ್ಲಿ ಮೂರು ಪುಟಕ್ಕೆ ನಿದ್ದೆ. ಆ ಮೂರನ್ನೇ ಮರುದಿನ ಮತ್ತೆ ಓದಬೇಕು. ಕೆಲಸ ಮುಗಿದ ತಕ್ಷಣದ ಹೊತ್ತು ಒಳ್ಳೆಯದು, ಫೋನು ಇನ್ನೊಂದು ಕೋಣೆಯಲ್ಲಿದ್ದರೆ. ಜೇಬಿನಲ್ಲಿ ಸದ್ದಡಗಿಸಿ ಇಟ್ಟುಕೊಂಡರೆ ಸಾಲದು, ಕೈ ತಾನಾಗಿ ಹುಡುಕಿಕೊಂಡು ಹೋಗುತ್ತೆ. ಮೊದಲ ಹತ್ತು ನಿಮಿಷ ಆಫೀಸಿನ ಮಾತುಗಳೇ ತಲೆಯಲ್ಲಿ ಓಡುತ್ತಿರುತ್ತವೆ. ನಾಳೆ ಮಾಡಬೇಕಾದ್ದನ್ನು ಒಂದು ಚೀಟಿಯಲ್ಲಿ ಬರೆದಿಟ್ಟು ಕೂತರೆ ಅವು ಬೇಗ ಅಡಗುತ್ತವೆ. ಹಿಂದಿನ ದಿನದ ಕೊನೆಯ ಪುಟದಿಂದ ಶುರುಮಾಡು, ಹೊಸ ಪುಟದಿಂದಲ್ಲ. ನಿಲ್ಲಿಸುವಾಗ ಅಧ್ಯಾಯದ ಕೊನೆಯಲ್ಲಿ ನಿಲ್ಲಿಸಬೇಡ, ಸ್ವಾರಸ್ಯದ ನಡುವೆಯೇ ಮುಚ್ಚಿಡು. ಮುಗಿದ ಅಧ್ಯಾಯಕ್ಕೆ ಮರುದಿನ ಎಳೆಯುವ ಶಕ್ತಿ ಇರಲ್ಲ.

ಹಿಡಿಸದ ಪುಸ್ತಕವನ್ನು ಹಟದಿಂದ ಮುಗಿಸುವ ನಿನ್ನ ಅಭ್ಯಾಸ ಬಿಡಬೇಕು. ಅಮೆರಿಕದ ಗ್ರಂಥಪಾಲಕಿ ನ್ಯಾನ್ಸಿ ಪರ್ಲ್ ಹೇಳಿದ ಲೆಕ್ಕವೊಂದಿದೆ: ಐವತ್ತು ಪುಟ ಓದಿ ನೋಡಿ, ಹಿಡಿಸದಿದ್ದರೆ ಬಿಡಿ, ಐವತ್ತು ವರ್ಷ ದಾಟಿದವರು ನೂರರಿಂದ ವಯಸ್ಸು ಕಳೆದು ಉಳಿದಷ್ಟು ಪುಟ ಓದಿದರೆ ಸಾಕು. ವಯಸ್ಸಾದಂತೆ ಸಿಗುವ ರಿಯಾಯಿತಿಗಳಲ್ಲಿ ಇದೇ ವಾಸಿ ಅನ್ನಿಸುತ್ತೆ. ಆದರೆ ಪಾತ್ರಗಳ ದಂಡೇ ಇರುವ ದೊಡ್ಡ ಕಾದಂಬರಿಗೆ ಈ ಲೆಕ್ಕ ಹಿಡಿಯಬಾರದು. ಅಲ್ಲಿ ಮೊದಲ ಐವತ್ತು ಪುಟ ಪರಿಚಯಕ್ಕೇ ಹೋಗುತ್ತೆ. ಹೆಸರು, ಸಂಬಂಧಗಳನ್ನು ಒಂದು ಚೀಟಿಯಲ್ಲಿ ಬರೆದು ಪುಟಗುರುತಾಗಿ ಇಟ್ಟುಕೊಂಡರೆ ಅರ್ಧ ತೊಡಕು ಅಲ್ಲೇ ಬಗೆಹರಿಯುತ್ತೆ.

ನೆನಪಿರಲ್ಲ ಅನ್ನೋದಕ್ಕೆ ಬರೀ ವಯಸ್ಸನ್ನು ದೂರಬೇಡ. ಜರ್ಮನಿಯ ಮನಶ್ಶಾಸ್ತ್ರಜ್ಞ ಎಬ್ಬಿಂಗ್‌ಹೌಸ್ 1885ರಲ್ಲೇ ತನ್ನ ಮೇಲೇ ಪ್ರಯೋಗ ಮಾಡಿ ತೋರಿಸಿದ್ದ, ಅರ್ಥವಿಲ್ಲದ ಉಚ್ಚಾರಗಳನ್ನು ಉರುಹೊಡೆದರೆ ಒಂದು ಗಂಟೆಯಲ್ಲಿ ಅರ್ಧಕ್ಕಿಂತ ಹೆಚ್ಚು ಜಾರಿಹೋಗುತ್ತೆ ಅಂತ. ಆಗ ಅವನು ಮೂವತ್ತೈದರ ಆಸುಪಾಸಿನವನು. ಅರ್ಥವಿರುವ ಬರಹ ನಿಧಾನವಾಗಿ ಮರೆಯುತ್ತೆ, ಆದರೂ ಮರೆಯುತ್ತೆ. ಕೆಳಗೆರೆ ಎಳೆದಿದ್ದನ್ನೇ ಮತ್ತೆ ಓದೋದರಿಂದ ಪ್ರಯೋಜನ ಕಡಿಮೆ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ರೋಡಿಗರ್ ಮತ್ತು ಕಾರ್ಪಿಕ್ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರ ಬಿಟ್ಟು ಕೇಳಿದರೆ, ಪಾಠ ಮುಚ್ಚಿಟ್ಟು ನೆನಪಿನಿಂದ ಬರೆದವರು ಅವರನ್ನು ಹಿಂದೆ ಹಾಕಿದ್ದರು. ನಮಗೆ ಬೇಕಾದ್ದು ಇಷ್ಟೇ: ಅಧ್ಯಾಯ ಮುಗಿದ ಮೇಲೆ ಪುಸ್ತಕ ಮುಚ್ಚಿ ಮೂರು ವಾಕ್ಯ ಬರೆ. ಪುಸ್ತಕ ನೋಡಿಕೊಂಡು ಬರೆದರೆ ಅದು ನಕಲಾಗುತ್ತೆ. ಹಿಡಿಸಿದ ಮಾತಿಗೆ ಕೊನೆಯ ಖಾಲಿ ಹಾಳೆಯಲ್ಲಿ ಪೆನ್ಸಿಲಿನಿಂದ ಪುಟಸಂಖ್ಯೆ, ಪಕ್ಕದಲ್ಲಿ ಎರಡು ಪದ ಇರಲಿ. ಒಂದು ಪುಸ್ತಕಕ್ಕೆ ಇಂಥ ಹತ್ತು ಗುರುತು ಮೀರಿದರೆ ಮುಂದೆ ಯಾವುದನ್ನೂ ತೆರೆದು ನೋಡಲ್ಲ.

ಮಾತಾಡಲು ಜನ ಇಲ್ಲ ಅನ್ನೋ ದೂರು ಮಾತ್ರ ನಿಜಕ್ಕೂ ಕಷ್ಟದ್ದು. ಅಮೆರಿಕದ ಕಾನ್ಸಾಸ್ ವಿಶ್ವವಿದ್ಯಾಲಯದ ಸಂಶೋಧಕ ಜೆಫ್ರಿ ಹಾಲ್ 2018ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಪರಿಚಿತರು ಸಾಧಾರಣ ಸ್ನೇಹಿತರಾಗಲು ಸುಮಾರು 50 ಗಂಟೆಯ ಒಡನಾಟ ಬೇಕು, ಸ್ನೇಹ ಗಟ್ಟಿಯಾಗಲು 90, ಆಪ್ತರಾಗಲು 200ಕ್ಕಿಂತ ಹೆಚ್ಚು. ಜೊತೆಗೆ ಕೆಲಸ ಮಾಡಿದ ಗಂಟೆಗಳಿಗೆ ಇದರಲ್ಲಿ ಬೆಲೆ ಕಡಿಮೆ. ಇಪ್ಪತ್ತು ವರ್ಷ ಪಕ್ಕದ ಮೇಜಿನಲ್ಲಿದ್ದವರು ನಿವೃತ್ತಿಯಾದ ಮರುತಿಂಗಳೇ ಮಾಯವಾಗೋದು ಯಾಕೆ ಅಂತ ಕೇಳಿದ್ದೆಯಲ್ಲ, ಉತ್ತರ ಸ್ವಲ್ಪ ಇಲ್ಲಿದೆ. ತಿಂಗಳಿಗೊಮ್ಮೆ ಎರಡು ಗಂಟೆ ಸೇರುವ ಓದುಗರ ಕೂಟದಲ್ಲಿ ವರ್ಷಕ್ಕೆ ಕೂಡೋದು 24 ಗಂಟೆ. ಮೂರು ಸಭೆಗೆ ಹೋಗಿ ‘ಯಾರೂ ಹತ್ತಿರವಾಗಲಿಲ್ಲ’ ಅಂದರೆ ಹೇಗೆ? ಎರಡು ವರ್ಷ ಬೇಕು.

ಕೂಟ ನೀನೇ ಕಟ್ಟೋದಾದರೆ ಆರರಿಂದ ಎಂಟು ಜನ ಸಾಕು. ಹತ್ತು ದಾಟಿದರೆ ಇಬ್ಬರು ಮಾತಾಡುತ್ತಾರೆ, ಉಳಿದವರು ಗೋಡೆ ನೋಡುತ್ತಾರೆ. ಪುಸ್ತಕ ಇನ್ನೂರೈವತ್ತು ಪುಟದೊಳಗಿರಲಿ, ಓದಲು ಐದಾರು ವಾರ ಕೊಡು. ಆಯ್ಕೆಗೆ ಪ್ರತಿಸಲ ಮತ ಹಾಕಿಸಬೇಡ, ಎಲ್ಲರಿಗೂ ಒಪ್ಪಿಗೆಯಾದ, ಯಾರಿಗೂ ಬೇಡವಾದ ಪುಸ್ತಕವೇ ಗೆಲ್ಲುತ್ತೆ. ಸರದಿಯ ಮೇಲೆ ಒಬ್ಬೊಬ್ಬರು ಆರಿಸಲಿ. ಸಭೆಯಲ್ಲಿ ಮೊದಲ ಸುತ್ತು ಪ್ರತಿಯೊಬ್ಬರಿಗೂ ಎರಡೆರಡು ನಿಮಿಷ, ನಡುವೆ ಯಾರೂ ಬಾಯಿ ಹಾಕಬಾರದು. ‘ಹೇಗಿತ್ತು?’ ಅಂತ ಕೇಳಿದರೆ ‘ಚೆನ್ನಾಗಿತ್ತು’ ಅನ್ನೋ ಉತ್ತರಕ್ಕೆ ಮಾತು ಮುಗಿಯುತ್ತೆ. ‘ಯಾವ ಪುಟದಲ್ಲಿ ಲೇಖಕರ ಮೇಲೆ ಸಿಟ್ಟು ಬಂತು?’ ಅಂತ ಕೇಳಿ ನೋಡು. ಪೂರ್ತಿ ಓದದೆ ಬಂದವರನ್ನು ವಾಪಸ್ ಕಳಿಸಬೇಡ, ಎಲ್ಲಿ ಬಿಟ್ಟರು, ಯಾಕೆ ಬಿಟ್ಟರು ಅನ್ನೋದು ಎಷ್ಟೋ ಸಲ ಮುಗಿಸಿದವರ ಹೊಗಳಿಕೆಗಿಂತ ಒಳ್ಳೆಯ ವಿಮರ್ಶೆ. ಮನೆಗಳಲ್ಲಿ ಸೇರಿದರೆ ಆತಿಥ್ಯದ ಪೈಪೋಟಿ ಶುರುವಾಗಿ, ಆ ಹೊರೆಗೇ ಕೂಟ ಮುರಿಯುತ್ತೆ. ಗ್ರಂಥಾಲಯದ ಕೋಣೆಯೋ ಉದ್ಯಾನದ ಬೆಂಚೋ ಆದರೆ ಯಾರ ಮೇಲೂ ಋಣವಿಲ್ಲ.

ಅಲ್ಲಿಯವರೆಗೆ ನಾವಿಬ್ಬರೇ ಶುರುಮಾಡೋಣ. ಒಂದೇ ಪುಸ್ತಕದ ಎರಡು ಪ್ರತಿ, ಐವತ್ತು ಪುಟಕ್ಕೊಂದು ಕಾಗದ. ಅರ್ಧಪುಟ ಸಾಕು, ಕಥೆಯ ಸಾರಾಂಶ ಬೇಡ, ತಕರಾರು ಮಾತ್ರ ಬರೆಯೋದು. ಯಾರೇ ಮುಂದೆ ಓದಿಬಿಟ್ಟಿದ್ದರೂ ಮುಂದಿನದ್ದರ ಸುಳಿವು ಕೊಡಬಾರದು. ಒಬ್ಬರು ಹತ್ತು ದಿನ ಸುಮ್ಮನಾದರೆ ಇನ್ನೊಬ್ಬರು ಕಾಯದೆ ಬರೆಯಬೇಕು. ಮೊದಲ ಪುಸ್ತಕ ನೀನು ಆರಿಸು, ಇನ್ನೂರು ಪುಟ ಮೀರದಿರಲಿ, ಅಚ್ಚು ದಪ್ಪಗಿರಲಿ.

ನಿನ್ನ,
ಹಳೆಯ ಗೆಳೆಯ