ಏಳನೆಯ ಅಧ್ಯಾಯದ ಕುದುರೆ

ಪ್ರೀತಿಯ ತಂಗಿಗೆ,

ನಿನ್ನ ಹಸ್ತಪ್ರತಿ ಓದಿ ಮುಗಿಸಿದೆ. ಭಾಷೆ ನಿನಗೆ ಒಲಿದಿದೆ, ಆ ಹುಡುಗಿ ಕಣ್ಣಿಗೆ ಕಟ್ಟುತ್ತಾಳೆ. ಅವಳ ಕುದುರೆಗೆ ಮಾತ್ರ ಇನ್ನೂ ಜೀವ ಬಂದಿಲ್ಲ. ಆದ್ದರಿಂದ ಹೊಗಳಿಕೆಯನ್ನು ಇನ್ನೊಂದು ಪತ್ರಕ್ಕೆ ಇಟ್ಟುಕೊಂಡು ನೇರವಾಗಿ ಏಳನೆಯ ಅಧ್ಯಾಯಕ್ಕೆ ಬರುತ್ತೇನೆ.

ವೈದ್ಯರನ್ನು ಕರೆತರಲು ಅವಳು ಇರುಳಿಡೀ ನಾಗಾಲೋಟದಲ್ಲಿ ಹೋಗುತ್ತಾಳೆ. ಬೆಳಕು ಹರಿಯುವಾಗ ಊರು ಸೇರಿ, ಲಗಾಮನ್ನು ಕಂಬಕ್ಕೆ ಸುತ್ತಿ ಒಳಗೆ ಓಡುತ್ತಾಳೆ. ಕುದುರೆ ಹತ್ತಿ ಗೊತ್ತಿಲ್ಲದವರು ಇದನ್ನು ಉಸಿರು ಬಿಗಿಹಿಡಿದು ಓದುತ್ತಾರೆ. ಹತ್ತಿ ಗೊತ್ತಿರುವವರು ಪುಸ್ತಕ ಕೆಳಗಿಡುತ್ತಾರೆ. ಪೂರ್ತಿ ವೇಗದಲ್ಲಿ ಕುದುರೆ ಗಂಟೆಗೆ 40ರಿಂದ 50 ಕಿಲೋಮೀಟರ್ ವೇಗದಲ್ಲಿ ಓಡಬಲ್ಲದು ನಿಜ, ಆದರೆ ಕೆಲವೇ ಕಿಲೋಮೀಟರ್ ಮಾತ್ರ. ಅದಕ್ಕಿಂತ ಜೋರಾಗಿ ಓಡುವ ರೇಸ್ ಕುದುರೆಗಳ ಪಂದ್ಯಗಳು ಸಾಮಾನ್ಯವಾಗಿ ಎರಡು ಮೂರು ನಿಮಿಷಗಳಲ್ಲಿ ಮುಗಿದುಹೋಗುತ್ತವೆ. ಒಂದೇ ದಿನದಲ್ಲಿ 160 ಕಿಲೋಮೀಟರ್ ಕ್ರಮಿಸುವ ದೂರದೋಟದ ಸ್ಪರ್ಧೆಗಳೂ ಇವೆ. ಅವುಗಳಿಗೆ ಕುದುರೆಯನ್ನು ವರ್ಷಗಟ್ಟಲೆ ಅಣಿಗೊಳಿಸುತ್ತಾರೆ. ಹಂತಹಂತಕ್ಕೂ ನಿಲ್ಲಿಸಿ ಪಶುವೈದ್ಯರು ಪರೀಕ್ಷಿಸುತ್ತಾರೆ. ನಿಗದಿತ ಸಮಯದೊಳಗೆ ಎದೆಬಡಿತ ಇಳಿಯದಿದ್ದರೆ ಆ ಕುದುರೆಯ ಓಟ ಅಲ್ಲಿಗೇ ಮುಗಿಯಿತು.

ಹಾಗಾದರೆ ನಿನ್ನ ಹುಡುಗಿ ಹೋಗುವುದು ಹೇಗೆ? ನುರಿತ ಸವಾರರು ಹೋಗುವಂತೆ. ಬಹುಪಾಲು ದಾರಿ ಟ್ರಾಟ್‌ನಲ್ಲಿ, ಅಂದರೆ ಗಂಟೆಗೆ 12ರಿಂದ 15 ಕಿಲೋಮೀಟರ್ ವೇಗದಲ್ಲಿ. ನೆಲ ಚೆನ್ನಾಗಿರುವ ಕಡೆ ಸ್ವಲ್ಪ ದೂರ ಕ್ಯಾಂಟರ್, ಅಂದರೆ ಟ್ರಾಟ್‌ಗಿಂತ ಜೋರಾದ, ನಾಗಾಲೋಟಕ್ಕಿಂತ ನಿಧಾನವಾದ ಓಟ. ಕಲ್ಲುಹಾದಿಯಲ್ಲೂ ಕಡಿದಾದ ಇಳಿಜಾರಿನಲ್ಲೂ ಕೆಳಗಿಳಿದು, ಲಗಾಮು ಹಿಡಿದು ಪಕ್ಕದಲ್ಲಿ ನಡೆಯುವುದು. ಇದು ನಿನ್ನ ಕಥೆಯ ಬಿಸಿಯನ್ನು ಆರಿಸುತ್ತದೆ ಎಂದು ನಿನಗೆ ಅನ್ನಿಸಬಹುದು. ನನಗಂತೂ ಕಥೆ ಹುಟ್ಟುವುದೇ ಇಲ್ಲಿಂದ ಅನ್ನಿಸುತ್ತದೆ. ದಣಿಯದ ಕುದುರೆಯ ಮೇಲೆ ಕುಳಿತವಳಿಗೆ ತೀರ್ಮಾನಿಸುವುದಕ್ಕೆ ಏನೂ ಇರುವುದಿಲ್ಲ. ದಣಿಯುವ ಕುದುರೆಯಾದರೆ ಪ್ರತಿ ಹರಿದಾರಿಯಲ್ಲೂ ಒಂದು ತೀರ್ಮಾನ: ಈಗ ಅವಸರ ಮಾಡಿದರೆ ಮುಂದೆ ಇದು ನಡೆಯಲಾರದು, ಮಾಡದಿದ್ದರೆ ಮನೆಯಲ್ಲಿ ಮಲಗಿರುವ ಅಪ್ಪ ಉಳಿಯಲಾರ.

ಒಂದು ಸನ್ನಿವೇಶ ಯೋಚಿಸು. ಕಗ್ಗತ್ತಲು. ಟ್ರಾಟ್ ಎರಡು ಬಡಿತದ ನಡೆ. ಕರ್ಣರೇಖೆಯಲ್ಲಿರುವ ಎರಡೆರಡು ಕಾಲುಗಳು ಒಟ್ಟಿಗೆ ನೆಲ ಮುಟ್ಟುವುದರಿಂದ ಸದ್ದು ಒಂದೇ ಸಮನಾಗಿ ಬರುತ್ತದೆ. ಅವಳ ಕಿವಿ ಆ ಸದ್ದಿಗೆ ಒಗ್ಗಿದೆ. ಎಲ್ಲೋ ಒಂದು ಕಡೆ ಒಂದು ಬಡಿತ ಹಗುರವಾಗುತ್ತದೆ. ಅವಳು ಕಣ್ಣಿನಿಂದ ಏನನ್ನೂ ಕಾಣಲಾರಳು, ಆದರೆ ಕೈಯಲ್ಲಿರುವ ಲಗಾಮು ಹೇಳುತ್ತದೆ: ಕುದುರೆಯ ತಲೆ ಮೇಲೆ ಕೆಳಗೆ ಆಡುತ್ತಿದೆ. ಮುಂಗಾಲು ನೋಯುವ ಕುದುರೆ, ನೋವಿನ ಕಾಲು ನೆಲಕ್ಕೆ ತಾಗುವಾಗ ತಲೆ ಎತ್ತುತ್ತದೆ, ಒಳ್ಳೆಯ ಕಾಲು ತಾಗುವಾಗ ತಗ್ಗಿಸುತ್ತದೆ. ಅವಳು ಇಳಿಯುತ್ತಾಳೆ. ಹೆಗಲಿನಿಂದ ಕೆಳಗೆ ಕೈಯಾಡಿಸಿ, ಕಾಲೆತ್ತಿಸಿ, ಗೊರಸಿನ ಅಡಿಯಲ್ಲಿ ಬೆರಳಿಟ್ಟು ಹುಡುಕುತ್ತಾಳೆ. ಮಣ್ಣು, ಒದ್ದೆ ಎಲೆ, ಲಾಳದ ಅಂಚು, ನಡುವಿನ ಮೆತ್ತನೆಯ ತ್ರಿಕೋನ, ಅದರ ಬದಿಯ ಸಂದಿನಲ್ಲಿ ಗಟ್ಟಿಯಾಗಿ ಕೂತ ಒಂದು ಹರಳು. ಅದನ್ನು ಕಿತ್ತ ಮೇಲೂ ಕುದುರೆ ಕುಂಟಿದರೆ? ನಿನ್ನ ಅಧ್ಯಾಯ ಇನ್ನು ತಾನಾಗಿಯೇ ಬರೆಸಿಕೊಳ್ಳುತ್ತದೆ. ಕಾಡಿನ ಕಳ್ಳರನ್ನು ಅಲ್ಲಿಗೆ ಕರೆತರುವ ಅಗತ್ಯ ಬೀಳುವುದಿಲ್ಲ.

ಇನ್ನು ಆ ಕಂಬ. ಕಡಿವಾಣಕ್ಕೆ ಸೇರಿದ ಲಗಾಮಿನಿಂದ ಕುದುರೆಯನ್ನು ಕಟ್ಟಬಾರದು. ಬೆದರಿ ಹಿಂದಕ್ಕೆ ಜಗ್ಗಿದರೆ ಬಾಯಿ ಗಾಯವಾಗುತ್ತದೆ. ಬೆವರಿ ಏದುಸಿರು ಬಿಡುವ ಕುದುರೆಯನ್ನು ಥಟ್ಟನೆ ನಿಲ್ಲಿಸಿ ಬಿಟ್ಟುಹೋಗಲೂಬಾರದು. ಉಸಿರು ತಹಬಂದಿಗೆ ಬರುವವರೆಗೆ ನಿಧಾನವಾಗಿ ನಡೆಸಬೇಕು. ನೀನು ಅವಳನ್ನು ಒಳಗೆ ಓಡಿಸಿದೆ. ಕುದುರೆ ಬಲ್ಲ ಓದುಗರಿಗೆ ವೈದ್ಯರು ಆಡಿದ ಒಂದು ಮಾತೂ ಕೇಳಿಸುವುದಿಲ್ಲ, ಅವರ ಮನಸ್ಸೆಲ್ಲ ಹೊರಗೆ ನಿಂತಿರುವ ಆ ಪ್ರಾಣಿಯ ಮೇಲೆ. ಒಂದೇ ಸಾಲು ಸಾಕಿತ್ತು. ಬಾಗಿಲಲ್ಲಿ ನಿಂತ ಹುಡುಗನ ಕೈಗೆ ಲಗಾಮು ಕೊಟ್ಟು, ‘ಹೊಟ್ಟೆಪಟ್ಟಿ ಸಡಿಲಿಸು, ನಡೆಸುತ್ತಾ ಇರು’ ಎಂದು ಅವಳು ಹೇಳಿದ್ದರೆ ಅವಳ ಅವಸರವೂ ಅವಳ ಸ್ವಭಾವವೂ ಒಟ್ಟಿಗೇ ಬರುತ್ತಿದ್ದವು. ಅಂದಹಾಗೆ, ಇರುಳಿಡೀ ಜೀನಿನ ಮೇಲೆ ಕುಳಿತವಳು ಇಳಿದ ತಕ್ಷಣ ಓಡಲಾರಳು. ಮೊಣಕಾಲು ಮಾತು ಕೇಳುವುದಿಲ್ಲ.

ಕೆಲವು ಸಣ್ಣ ತಪ್ಪುಗಳನ್ನು ಬೇಗ ಹೇಳಿಬಿಡುತ್ತೇನೆ. ಮೈಯೂ ಕೇಸರವೂ ಕೆಂಗಂದಾಗಿರುವ ತಂದೆತಾಯಿಗೆ ಕಪ್ಪು ಮರಿ ಹುಟ್ಟುವುದಿಲ್ಲ. ನಾವು ಬಿಳಿ ಕುದುರೆ ಎನ್ನುವವುಗಳಲ್ಲಿ ಹೆಚ್ಚಿನವು ಹುಟ್ಟುವಾಗ ಗಾಢ ಬಣ್ಣದವು, ವರ್ಷ ಕಳೆದಂತೆ ಬೆಳ್ಳಗಾಗುತ್ತವೆ. ಎತ್ತರವನ್ನು 15.5 ಹ್ಯಾಂಡ್ ಎಂದು ಬರೆದಿದ್ದೀಯೆ. ಒಂದು ಹ್ಯಾಂಡ್‌ಗೆ ನಾಲ್ಕು ಅಂಗುಲ, ಚುಕ್ಕಿಯ ಆಚೆಗಿನ ಅಂಕೆ ಅಂಗುಲದ್ದು, ಹಾಗಾಗಿ 15.3 ಆದ ಮೇಲೆ ಬರುವುದು 16. ಗಬ್ಬದ ಅವಧಿ ಸುಮಾರು ಹನ್ನೊಂದು ತಿಂಗಳು, ನಿನ್ನ ಕಥೆಯ ಲೆಕ್ಕದಲ್ಲಿ ಎಂಟೇ ಆಗಿದೆ.

ಇವೆಲ್ಲ ತಿದ್ದಿದರೆ ಮುಗಿಯುವಂಥವು. ಕುದುರೆಯ ಮನಸ್ಸಿನ ವಿಷಯದಲ್ಲಿ ನೀನು ಮಾಡಿರುವುದು ನನಗೆ ಹೆಚ್ಚು ನೋವು ಕೊಟ್ಟಿತು. ನಿನ್ನ ಕುದುರೆ ಖಳನನ್ನು ಕಂಡರೆ ಕೆನೆಯುತ್ತದೆ, ಹುಡುಗಿ ಅತ್ತರೆ ತಲೆಯಾಡಿಸುತ್ತದೆ, ಗಾಯವಾದರೆ ಚೀರುತ್ತದೆ. ಕುದುರೆ ಬೇಟೆಗೆ ಸಿಕ್ಕುವ ಪ್ರಾಣಿಯ ಕುಲ. ನೋವನ್ನು ಅದು ಸಾಮಾನ್ಯವಾಗಿ ಸದ್ದಿಲ್ಲದೆ ನುಂಗಿಕೊಳ್ಳುತ್ತದೆ. ಹೊಟ್ಟೆಶೂಲೆ ಬಂದ ಕುದುರೆ ಮೇವು ಬಿಡುತ್ತದೆ, ತಿರುಗಿ ತಿರುಗಿ ತನ್ನ ಪಕ್ಕೆಯನ್ನು ನೋಡಿಕೊಳ್ಳುತ್ತದೆ, ಕಾಲಿನಿಂದ ನೆಲ ಕೆರೆಯುತ್ತದೆ. ಅದಕ್ಕೆ ವಾಂತಿಯೂ ಆಗದು; ಬಲ್ಲವರಿಗೆ ಆ ಪಕ್ಕೆ ನೋಡುವ ನೋಟ ಒಂದೇ ಸಾಕು, ಎದೆ ಧಸಕ್ಕೆನ್ನುತ್ತದೆ.

ನಿಜವಾದ ಕುದುರೆ ನೀನು ಕಲ್ಪಿಸಿದ್ದಕ್ಕಿಂತ ಸೂಕ್ಷ್ಮ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬರ್ಲಿನ್‌ನಲ್ಲಿ ಹಾನ್ಸ್ ಎಂಬ ಕುದುರೆ ಲೆಕ್ಕ ಮಾಡುತ್ತದೆಂದು ಹೆಸರಾಗಿತ್ತು. ಉತ್ತರ ಎಷ್ಟೋ ಅಷ್ಟು ಬಾರಿ ಗೊರಸು ಬಡಿಯುತ್ತಿತ್ತು. ಆಸ್ಕರ್ ಫಂಗ್ಸ್ಟ್ ಎಂಬ ಮನೋವಿಜ್ಞಾನಿ 1907ರಲ್ಲಿ ಪರೀಕ್ಷಿಸಿ ನೋಡಿದಾಗ, ಕೇಳುವವರಿಗೇ ಉತ್ತರ ಗೊತ್ತಿಲ್ಲದಿದ್ದರೆ ಹಾನ್ಸ್‌ಗೂ ಗೊತ್ತಾಗುತ್ತಿರಲಿಲ್ಲ. ಸರಿಯಾದ ಸಂಖ್ಯೆ ಬಂದಾಗ ಎದುರಿಗಿದ್ದವರ ತಲೆ ಅವರಿಗೇ ಅರಿವಿಲ್ಲದಂತೆ ತುಸು ಅಲುಗುತ್ತಿತ್ತು. ಕುದುರೆ ಓದುತ್ತಿದ್ದುದು ಅದನ್ನು. ಇದಕ್ಕಿಂತ ಒಳ್ಳೆಯ ಸಾಮಗ್ರಿ ಕಥೆಗಾರರಿಗೆ ಬೇಕೇ? ನಿನ್ನ ಹುಡುಗಿ ತನಗೆ ಭಯವಿಲ್ಲವೆಂದು ಎಲ್ಲರೆದುರು ಹೇಳಲಿ. ಜೀನಿನ ಮೇಲೆ ಅವಳ ಉಸಿರು ಬಿಗಿಯಾಗಲಿ, ತೊಡೆ ಗಟ್ಟಿಯಾಗಲಿ. ಕುದುರೆ ಕತ್ತೆತ್ತಿ ಪಕ್ಕಕ್ಕೆ ಸರಿಯಲಿ. ಅವಳ ಸುಳ್ಳು ಅಷ್ಟಕ್ಕೇ ಬಯಲಾಯಿತು.

ಎರಡನೆಯ ಅಧ್ಯಾಯದಲ್ಲಿ ಇದಕ್ಕೆ ತದ್ವಿರುದ್ಧವಾದ ದೋಷವಿದೆ. ಜೀನು, ರಿಕಾಪು, ಕಡಿವಾಣ, ಪಟ್ಟಿ, ಕೊಂಡಿ ಎಂದು ಒಂದಿಡೀ ಪುಟ ಹೆಸರು ಹೇಳಿದ್ದೀಯೆ. ದಿನವೂ ಜೀನು ಹಾಕುವವಳಿಗೆ ಅವು ಕಣ್ಣಿಗೇ ಬೀಳುವುದಿಲ್ಲ. ಅವಳು ಗಮನಿಸುವುದು ಎಡವಟ್ಟಾದದ್ದನ್ನು ಮಾತ್ರ. ಜೀನು ಬಿಗಿಯುವಾಗ ಕೆಲವು ಕುದುರೆಗಳು ಮೈ ಬಿಗಿದು ಹೊಟ್ಟೆಯುಬ್ಬಿಸಿ ನಿಲ್ಲುತ್ತವೆ, ನಾಲ್ಕು ಹೆಜ್ಜೆ ನಡೆದ ಮೇಲೆ ಪಟ್ಟಿ ಸಡಿಲವಾಗುತ್ತದೆ. ಹತ್ತುವ ಮುನ್ನ ಅವಳು ಪಟ್ಟಿಯೊಳಗೆ ಬೆರಳು ತೂರಿಸಿ, ಇನ್ನೊಂದು ರಂಧ್ರಕ್ಕೆ ಏರಿಸಲಿ. ಆ ಪುಟವನ್ನು ಹರಿದುಹಾಕು, ಈ ಒಂದು ವಾಕ್ಯ ಇರಿಸಿಕೋ.

ಕಲೆಗೆ ಇಷ್ಟು ನಿಖರತೆ ಏಕೆ ಎಂದು ನೀನು ಪತ್ರದಲ್ಲಿ ಕೇಳಿದ್ದೆ. ಪ್ರಶ್ನೆ ಹಳೆಯದು. ಓಡುವ ಕುದುರೆ ಮುಂಗಾಲು ಮುಂದಕ್ಕೂ ಹಿಂಗಾಲು ಹಿಂದಕ್ಕೂ ಚಾಚಿ ಗಾಳಿಯಲ್ಲಿ ತೇಲುವಂತೆ ಚಿತ್ರಕಾರರು ಬಹುಕಾಲ ಬರೆದರು. 1878ರಲ್ಲಿ ಮೈಬ್ರಿಜ್ ಎಂಬ ಛಾಯಾಗ್ರಾಹಕ ಸಾಲಾಗಿ ಕ್ಯಾಮೆರಾಗಳನ್ನಿಟ್ಟು ತೆಗೆದ ಚಿತ್ರಗಳಲ್ಲಿ, ನಾಲ್ಕೂ ಕಾಲು ನೆಲ ಬಿಟ್ಟಿರುವುದು ಅವು ಹೊಟ್ಟೆಯಡಿ ಮಡಚಿಕೊಂಡಾಗ ಎಂದು ಕಂಡಿತು. ಆದರೂ ಶಿಲ್ಪಿ ರೊಡಿನ್, ಚಿತ್ರಕಾರ ಜೆರಿಕೊ 1821ರಲ್ಲಿ ಬರೆದ ಕುದುರೆ ಓಟದ ಚಿತ್ರವೇ ಫೋಟೋಕ್ಕಿಂತ ನಿಜ ಎಂದು ವಾದಿಸಿದ. ಕಾಲ ನಿಲ್ಲುವುದಿಲ್ಲವಲ್ಲ ಎಂಬುದು ಅವನ ತರ್ಕ. ನನಗೆ ಅವನ ಮಾತು ಅರ್ಧ ಒಪ್ಪಿಗೆ. ನೋಡುವ ಕಣ್ಣಿಗೆ ಓಟ ಹಾಗೆ ಕಾಣಬಹುದು. ನೀನು ಬರೆಯುತ್ತಿರುವುದು ಬೆನ್ನ ಮೇಲೆ ಕುಳಿತವಳ ಕಥೆ. ಅವಳ ಸೊಂಟಕ್ಕೆ ಟ್ರಾಟ್‌ನ ಎರಡು ಬಡಿತವೂ ಕ್ಯಾಂಟರ್‌ನ ಮೂರು ಬಡಿತವೂ ಬೇರೆಬೇರೆಯಾಗಿ ಗೊತ್ತು. ನಿನ್ನ ವಾಕ್ಯಕ್ಕೂ ಗೊತ್ತಿರಬೇಕು.

ಇದು ಓದಿನಿಂದ ಬರುವುದಿಲ್ಲ. ಒಂದು ಲಾಯದಲ್ಲಿ ಕೆಲವು ತಿಂಗಳು ಬೆಳಗಿನ ಕೆಲಸಕ್ಕೆ ಹೋಗು. ಸವಾರಿ ಕಲಿಯುವುದು ಆಮೇಲಾಗಲಿ, ಮೊದಲು ಲದ್ದಿ ಬಾಚು, ಮೈ ಉಜ್ಜು, ಗೊರಸು ಕೆರೆ. ಲಾಳ ಕಟ್ಟುವವರು ಬಂದ ದಿನ ಹತ್ತಿರವೇ ನಿಂತುಕೋ. ಅಧ್ಯಾಯ ತಿದ್ದಿದ ಮೇಲೆ ನನಗೆ ಕಳುಹಿಸುವ ಮೊದಲು ಅಲ್ಲಿ ಕೆಲಸ ಮಾಡುವ ಯಾರಿಗಾದರೂ ಓದಿ ಹೇಳು. ಚೆನ್ನಾಗಿದೆಯೇ ಎಂದು ಕೇಳಬೇಡ. ಕುದುರೆಯ ಚಿಂತೆ ಎಲ್ಲಿ ಹತ್ತಿತು ಎಂದು ಕೇಳು, ಆ ಸಾಲುಗಳ ಪಕ್ಕ ಗುರುತು ಹಾಕಿ ಕಳುಹಿಸು.

ನಿನ್ನ,
ಅಕ್ಕ