ಗದ್ದದ ಇಂಪ್ಲಾಂಟ್: ಊತ, ಮರಗಟ್ಟುವಿಕೆಯನ್ನು ಮುಚ್ಚಿಡುವುದೇಕೆ?

ಮಾನ್ಯ ಸಂಪಾದಕರೇ,

ಮುಖದ ಇಂಪ್ಲಾಂಟ್ (ಆಕಾರ ತಿದ್ದಲು ಒಳಗೆ ಕೂರಿಸುವ ಕೃತಕ ತುಂಡು) ಶಸ್ತ್ರಚಿಕಿತ್ಸೆ ಕುರಿತ ನಿಮ್ಮ ಪುರವಣಿಯ ವರದಿಯಲ್ಲಿ 'ಶುಕ್ರವಾರ ಚಿಕಿತ್ಸೆ, ಸೋಮವಾರ ಕೆಲಸಕ್ಕೆ ಹಾಜರು' ಎಂಬ ವೈದ್ಯರ ಮಾತನ್ನು ದಪ್ಪ ಅಕ್ಷರಗಳಲ್ಲಿ ಅಚ್ಚು ಹಾಕಿದ್ದೀರಿ. ಅದೇ ಚಿಕಿತ್ಸಾಲಯದಲ್ಲಿ ಗದ್ದಕ್ಕೆ ಇಂಪ್ಲಾಂಟ್ ಹಾಕಿಸಿಕೊಂಡ ನನ್ನ ತಂಗಿಯ ಕಡತವನ್ನು ಕೇಳಲು ಅವಳೊಂದಿಗೆ ನಿನ್ನೆ ಹೋಗಿ, ಕೆಲಸಕ್ಕೆ ರಜೆ ಹಾಕಿ ಮಧ್ಯಾಹ್ನವಿಡೀ ಕಾದು, ಬರಿಗೈಯಲ್ಲಿ ಹಿಂದಿರುಗಿದ ಸಿಟ್ಟಿನಲ್ಲೇ ಇದನ್ನು ಬರೆಯುತ್ತಿದ್ದೇನೆ.

ಇಂಪ್ಲಾಂಟ್ ಕೂರಿಸುವ ಕೆಲಸ ಒಂದೆರಡು ಗಂಟೆಗಳಲ್ಲಿ ಮುಗಿಯಬಹುದು. ಆದರೆ ಊತ ಅತಿ ಹೆಚ್ಚಾಗುವುದು ಎರಡನೆಯ ಅಥವಾ ಮೂರನೆಯ ದಿನ, ಅಂದರೆ ಹೆಚ್ಚುಕಡಿಮೆ ಈ ವೈದ್ಯರು ಕೆಲಸಕ್ಕೆ ಹೋಗಿ ಎನ್ನುವ ಹೊತ್ತಿಗೇ. ಕೆಳತುಟಿ ಮತ್ತು ಒಸಡಿನ ನಡುವೆ ಕೊಯ್ದಿದ್ದರೆ ಕೆಲವು ದಿನ ದ್ರವಾಹಾರ ಮತ್ತು ಮೆತ್ತನೆಯ ಆಹಾರವೇ ಗತಿ. ಉಂಡಾಗಲೆಲ್ಲ ಬಾಯಿ ಮುಕ್ಕಳಿಸಬೇಕು, ತಲೆ ಎತ್ತರಿಸಿ ಮಲಗಬೇಕು. ಬಹುಪಾಲು ಊತ ಕೆಲವು ವಾರಗಳಲ್ಲಿ ಇಳಿದರೂ ಮುಖದ ಆಕಾರ ನಿಜವಾಗಿ ಹೇಗಾಗಿದೆ ಎಂದು ತಿಳಿಯಲು ತಿಂಗಳುಗಳೇ ಬೇಕಾಗುತ್ತವೆ. ಇವುಗಳಲ್ಲಿ ಒಂದನ್ನೂ ನಿಮ್ಮ ವರದಿ ಹೇಳಲಿಲ್ಲ.

ಇನ್ನು ಮರಗಟ್ಟುವಿಕೆಯ ವಿಷಯ. ಕೆಳತುಟಿಗೂ ಗದ್ದಕ್ಕೂ ಸ್ಪರ್ಶಜ್ಞಾನ ಕೊಡುವ ನರ ದವಡೆಯ ಮೂಳೆಯಿಂದ ಹೊರಬರುವುದು ಇಂಪ್ಲಾಂಟ್ ಕೂರಿಸುವ ಜಾಗದ ಪಕ್ಕದಲ್ಲೇ. ಅದು ಜಗ್ಗಿದರೆ ಅಥವಾ ಒತ್ತಿದರೆ ತುಟಿ ಮರಗಟ್ಟುತ್ತದೆ. ಹೆಚ್ಚಿನವರಲ್ಲಿ ಕ್ರಮೇಣ ಸರಿಹೋಗುತ್ತದೆ, ಕೆಲವರಲ್ಲಿ ಶಾಶ್ವತವಾಗಿ ಉಳಿದುಬಿಡುತ್ತದೆ. ನನ್ನ ತಂಗಿ ನೀರು ಕುಡಿಯುವಾಗ ತುಟಿಯಂಚಿನಿಂದ ಸೋರಿ ಗದ್ದದವರೆಗೆ ಇಳಿದರೂ ಅವಳಿಗೆ ಗೊತ್ತಾಗುತ್ತಿರಲಿಲ್ಲ, ಎದುರಿಗಿದ್ದವರು ಕೈಸನ್ನೆ ಮಾಡಿ ತೋರಿಸಬೇಕಾಗಿತ್ತು. ಗಾಬರಿಯಿಂದ ಫೋನ್ ಮಾಡಿದರೆ 'ಇದೆಲ್ಲ ಸಾಮಾನ್ಯ' ಎಂಬ ಉತ್ತರ ಬಂತು. ಸಾಮಾನ್ಯವೆಂದು ಅವರಿಗೆ ಗೊತ್ತಿದ್ದ ಮೇಲೆ ಮೊದಲೇ ಹೇಳಲು ಏನು ಅಡ್ಡಿಯಿತ್ತು? ಒಪ್ಪಿಗೆ ಪತ್ರವನ್ನು ಆಪರೇಷನ್ ಕೋಣೆಗೆ ಕರೆದೊಯ್ಯುವ ಹೊತ್ತಿಗೆ ಕೈಗಿತ್ತು 'ಇಲ್ಲಿ ಸಹಿ ಮಾಡಿ' ಎಂದರೆ ಯಾವ ರೋಗಿ ತಾನೇ ಓದಿಯಾನು?

ನಾನು ಕಡತ ಕೇಳಿದ್ದಕ್ಕೂ ಕಾರಣವಿದೆ. ಘನ ಸಿಲಿಕೋನ್ ಇಂಪ್ಲಾಂಟಿನ ಸುತ್ತ ದೇಹ ತೆಳುವಾದ ಪೊರೆ ಕಟ್ಟುವುದರಿಂದ ಅದನ್ನು ಮುಂದೆ ಹೊರತೆಗೆಯುವುದು ಅಷ್ಟು ಕಷ್ಟವಲ್ಲ; ಸೂಕ್ಷ್ಮ ರಂಧ್ರಗಳಿರುವ ಪಾಲಿಎಥಿಲೀನ್ ಎಂಬ ಪ್ಲಾಸ್ಟಿಕ್ ಆದರೆ ಅಂಗಾಂಶ ಒಳಗೇ ಬೆಳೆದು ಬೆಸೆದುಕೊಳ್ಳುವುದರಿಂದ ತೆಗೆಯುವುದು ತೊಡಕಿನ ಕೆಲಸ. ಸೋಂಕು ತಗುಲಿದರೆ ಅಥವಾ ಇಂಪ್ಲಾಂಟ್ ಜರುಗಿದರೆ ಮತ್ತೊಮ್ಮೆ ಶಸ್ತ್ರಚಿಕಿತ್ಸೆ ಬೇಕಾದೀತು. ಆಗ ಬೇರೆ ವೈದ್ಯರು ಮೊದಲು ಕೇಳುವುದು ಒಳಗಿರುವುದು ಯಾವುದೆಂದು. ತಯಾರಕರ ಹೆಸರು, ಅಳತೆ ಮತ್ತು ಲಾಟ್ ಸಂಖ್ಯೆ (ಯಾವ ತಂಡದಲ್ಲಿ ತಯಾರಾದದ್ದು ಎಂಬ ಗುರುತು) ಇರುವ ಚೀಟಿ ಇಂಪ್ಲಾಂಟಿನ ಪೊಟ್ಟಣದಲ್ಲೇ ಇರುತ್ತದೆ, ಅದನ್ನು ಕಡತಕ್ಕೆ ಅಂಟಿಸಬೇಕು. ಅದರ ಪ್ರತಿ ಕೊಡುವ ಪದ್ಧತಿ ತಮ್ಮಲ್ಲಿಲ್ಲ ಎಂದು ಕೌಂಟರಿನವರು ನಮ್ಮತ್ತ ಮುಖವೆತ್ತಿ ನೋಡದೆಯೇ ಹೇಳಿದರು.

ಅಧಿಕಾರಿಗಳಿಗೆ ಇದರ ಗಂಭೀರತೆ ಇಷ್ಟು ಹೊತ್ತಿಗೆ ತಿಳಿದಿರಬೇಕಾಗಿತ್ತು. ಫ್ರಾನ್ಸಿನ ಪಿಐಪಿ ಕಂಪನಿ ಸ್ತನದ ಇಂಪ್ಲಾಂಟುಗಳಿಗೆ ಕೈಗಾರಿಕಾ ದರ್ಜೆಯ ಸಿಲಿಕೋನ್ ತುಂಬುತ್ತಿದ್ದುದು 2010ರಲ್ಲಿ ಬಯಲಾದಾಗ, ತಮ್ಮ ಮೈಯೊಳಗಿರುವುದು ಯಾವ ಕಂಪನಿಯದೆಂದು ತಿಳಿಯದೆ ಪರದಾಡಿದ ಮಹಿಳೆಯರಿದ್ದರು. ನಮ್ಮ ಆರೋಗ್ಯ ಇಲಾಖೆಗೆ ಆ ಪಾಠ ತಲುಪಿದಂತಿಲ್ಲ. ವಿದ್ಯಾರ್ಹತೆಯನ್ನೇ ನಮೂದಿಸದ ಸೌಂದರ್ಯ ಚಿಕಿತ್ಸಾಲಯಗಳ ನಾಮಫಲಕಗಳ ಬಗ್ಗೆ ನಾನು ಹಿಂದೆಯೇ ದೂರು ಕೊಟ್ಟಿದ್ದೆ. 'ಸಂಬಂಧಪಟ್ಟ ವಿಭಾಗಕ್ಕೆ ಕಳುಹಿಸಲಾಗಿದೆ' ಎಂಬ ಹಿಂಬರಹ ಬಿಟ್ಟರೆ ಬೇರೇನೂ ಬರಲಿಲ್ಲ. ಆ ನಾಮಫಲಕಗಳು ಇಂದಿಗೂ ಅಲ್ಲೇ ಇವೆ. ವಿಚಾರಿಸಲು ಹೋದರೆ ಸಾಹೇಬರು ಸದಾ ಸಭೆಯಲ್ಲಿರುತ್ತಾರೆ.

ಇಲಾಖೆಯವರು ಇನ್ನಾದರೂ ಕುರ್ಚಿ ಬಿಟ್ಟೆದ್ದು ಈ ಚಿಕಿತ್ಸಾಲಯಗಳ ಕಡತಗಳನ್ನು ತೆರೆಸಿ ನೋಡಲಿ, ಚೀಟಿಯ ಪ್ರತಿಯನ್ನು ರೋಗಿಗೆ ಕಡ್ಡಾಯವಾಗಿ ಕೊಡಿಸಲಿ. ಅದು ಅವರಿಂದಾಗದಿದ್ದರೆ ಪತ್ರಿಕೆಯವರಾದರೂ ಜಾಹೀರಾತಿನಂಥ ವರದಿಗಳನ್ನು ನಿಲ್ಲಿಸಿ, ಊತ, ಮರಗಟ್ಟುವಿಕೆ, ಸೋಂಕುಗಳ ಬಗ್ಗೆಯೂ ಅಷ್ಟೇ ದಪ್ಪ ಅಕ್ಷರಗಳಲ್ಲಿ ಬರೆಯಿರಿ. ಸಂಬಳ ಪಡೆಯುವ ಅಧಿಕಾರಿಗಳಿಗೂ ಹಣ ಪಡೆಯುವ ವೈದ್ಯರಿಗೂ ರೋಗಿಯ ಒಂದು ಪ್ರಶ್ನೆಗೆ ಉತ್ತರ ಕೊಡುವಷ್ಟು ಪುರುಸೊತ್ತಿಲ್ಲವೆಂದರೆ ನಾಚಿಕೆಗೇಡು.

– ರೋಗಿಯೊಬ್ಬರ ಅಕ್ಕ